ಕೈಗುಣಕ್ಕೆ ಅಂಕ ಕೊಡುವುದು ಹೇಗೆ?

ಹಾಸನ ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರ ಪತ್ರದ ಸಾರ: "ನಮ್ಮೂರಿನಲ್ಲಿ ಒಬ್ಬ ಖಾಸಗಿ ಡಾಕ್ಟರಿದ್ದಾರೆ. ಬೆಳಿಗ್ಗೆ ಏಳಕ್ಕೇ ಜನ ಪಾಳಿ ಹಿಡಿಯುತ್ತಾರೆ. ಒಂದು ಇಂಜೆಕ್ಷನ್, ಪೊಟ್ಟಣದಲ್ಲಿ ಮೂರು ಬಣ್ಣದ ಮಾತ್ರೆ, ಮರುದಿನಕ್ಕೆ ಗುಣ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದಿರುವ ಹೊಸ ವೈದ್ಯೆ ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಟ್ಟು, ಚೆನ್ನಾಗಿ ನೀರು ಕುಡಿಯಿರಿ ಎಂದು ಕಳಿಸುತ್ತಾರೆ. ನನಗೆ ಸಕ್ಕರೆ ಕಾಯಿಲೆ. ಯಾರ ಹತ್ತಿರ ಹೋಗಲಿ? ಇಂಗ್ಲೆಂಡಿನಲ್ಲಿ ಪ್ರತಿ ಕ್ಲಿನಿಕ್ಕಿಗೂ ದರ್ಜೆ ಇದೆ ಎಂದು ಅಲ್ಲಿರುವ ಮಗ ಹೇಳುತ್ತಾನೆ. ನಿಮ್ಮ ಪತ್ರಿಕೆಯಾದರೂ ಜಿಲ್ಲೆಯ ಕ್ಲಿನಿಕ್ಕುಗಳಿಗೆ ಅಂಕ ಕೊಟ್ಟು ಪಟ್ಟಿ ಪ್ರಕಟಿಸಬಾರದೇ?"

ಮಾನ್ಯ ಮೇಷ್ಟರೇ,

ಪಾಳಿಯ ಉದ್ದದಿಂದ ಡಾಕ್ಟರನ್ನು ಅಳೆಯುವುದಾದರೆ ನಿಮ್ಮ ಪ್ರಶ್ನೆ ಎಂದೋ ಇತ್ಯರ್ಥವಾಗಿರಬೇಕಿತ್ತು. ನೆಗಡಿ, ಸಾಮಾನ್ಯ ವೈರಲ್ ಜ್ವರ, ಸಣ್ಣಪುಟ್ಟ ಭೇದಿ ಬಹುಪಾಲು ತಾವಾಗಿಯೇ ಇಳಿಯುತ್ತವೆ. ಮೂರನೆಯ ದಿನ ಯಾರ ಬಾಗಿಲು ತಟ್ಟುತ್ತೇವೋ ಕೀರ್ತಿ ಅವರಿಗೆ ಸಲ್ಲುತ್ತದೆ; ಊರು ಅದನ್ನು ಕೈಗುಣ ಎನ್ನುತ್ತದೆ. ಅದರ ಮೇಲೆ ಆ ಸೂಜಿ. ಅದರಲ್ಲಿ ಡೈಕ್ಲೋಫಿನಾಕ್ ಇದ್ದರೆ ಮೈಕೈ ನೋವು ಬೇಗ ಹಗುರಾಗುತ್ತದೆ. ಆದರೆ ಜ್ವರ ಡೆಂಗಿಯದಾಗಿದ್ದರೆ ಅಂಥ ನೋವುನಿವಾರಕದಿಂದ ರಕ್ತಸ್ರಾವದ ಅಪಾಯ ಹೆಚ್ಚು. ಡೆಂಗಿ ಶಂಕೆ ಇರುವಾಗ ಕೊಡಬೇಕಾದದ್ದು ಪ್ಯಾರಾಸಿಟಮಾಲ್ ಮತ್ತು ಧಾರಾಳ ನೀರು, ಜೊತೆಗೆ ರಕ್ತಪರೀಕ್ಷೆ. ನಿಮ್ಮೂರಿನವರು ಮೂಗು ಮುರಿಯುತ್ತಿರುವ ಆ ವೈದ್ಯೆಯ ಚಿಕಿತ್ಸೆ ಇದೇ ತಾನೆ? ಇನ್ನು ಸೂಜಿಯಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಇದ್ದರೆ ಹುರುಪೇನೋ ಬರುತ್ತದೆ, ನಿಮ್ಮಂಥವರ ಸಕ್ಕರೆಯೂ ಏರುತ್ತದೆ. ನಿಮ್ಮ ಡಾಕ್ಟರು ಅದನ್ನೇ ಕೊಡುತ್ತಾರೆ ಎಂದು ನಾನು ಹೇಳಲಾರೆ. ಏನು ಕೊಡುತ್ತಾರೆಂಬುದು ನಿಮಗೂ ತಿಳಿಯದು, ಚೀಟಿಯೂ ಇಲ್ಲ. ನನ್ನ ತಕರಾರು ಅಲ್ಲಿದೆ.

ಇಂಗ್ಲೆಂಡಿನ ಬಗ್ಗೆ ನಿಮ್ಮ ಮಗ ಹೇಳಿದ್ದು ನಿಜ. ಕೇರ್ ಕ್ವಾಲಿಟಿ ಕಮಿಷನ್ ಎಂಬ ಸಂಸ್ಥೆ ಕ್ಲಿನಿಕ್ಕುಗಳನ್ನು ತಪಾಸಣೆ ಮಾಡಿ ನಾಲ್ಕರಲ್ಲಿ ಒಂದು ದರ್ಜೆ ಕೊಡುತ್ತದೆ. 2015ರಿಂದ ಅದನ್ನು ಕಾಣುವಂತೆ ತೂಗುಹಾಕುವುದು ಕಡ್ಡಾಯ. ಆದರೆ ಅದೇ ದೇಶದ ಹೈಡ್ ಎಂಬ ಊರಿನಲ್ಲಿ ಹೆರಾಲ್ಡ್ ಶಿಪ್‌ಮನ್ ಎಂಬ ಡಾಕ್ಟರಿದ್ದ. ಮನೆಗೇ ಬಂದು ನೋಡುತ್ತಾನೆಂದು ವಯಸ್ಸಾದವರಿಗೆ ಅವನ ಮೇಲೆ ಬಹಳ ಅಭಿಮಾನ. 15 ರೋಗಿಗಳನ್ನು ಕೊಂದದ್ದಕ್ಕೆ 2000ದಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆಮೇಲೆ ನಡೆದ ವಿಚಾರಣೆ 215 ಕೊಲೆಗಳನ್ನು ಗುರುತಿಸಿತು. (ನಿಮ್ಮೂರಿನ ಡಾಕ್ಟರನ್ನು ಅವನ ಪಕ್ಕ ನಿಲ್ಲಿಸುತ್ತಿಲ್ಲ, ಗಾಬರಿಯಾಗಬೇಡಿ.) ಒಬ್ಬನೇ ಡಾಕ್ಟರ ಕೈಕೆಳಗೆ ಇಷ್ಟೇಕೆ ಸಾವು ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟವರಿರಲಿಲ್ಲ. ರೋಗಿಗಳ ಪ್ರೀತಿಯನ್ನೇ ನಂಬಿ ಕೂತರೆ ಹೀಗೂ ಆಗುತ್ತದೆ.

ನಮ್ಮ ದೇಶದಲ್ಲೂ ಇದನ್ನು ಅಳೆದವರಿದ್ದಾರೆ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಸಂಗಡಿಗರು ದೆಹಲಿಯಲ್ಲೂ ಮಧ್ಯಪ್ರದೇಶದ ಹಳ್ಳಿಗಳಲ್ಲೂ ಸ್ಥಳೀಯರಿಗೇ ತರಬೇತಿ ಕೊಟ್ಟು, ರೋಗಿಗಳ ವೇಷದಲ್ಲಿ ಕ್ಲಿನಿಕ್ಕುಗಳಿಗೆ ಕಳಿಸಿದರು. ಒಬ್ಬನಿಗೆ ಎದೆನೋವು, ಇನ್ನೊಬ್ಬನಿಗೆ ಉಬ್ಬಸ, ಮತ್ತೊಬ್ಬ ಮನೆಯಲ್ಲಿ ಮಗುವಿಗೆ ರಕ್ತಭೇದಿ ಎಂದು ಹೇಳಿಕೊಂಡು ಹೋದ. ಮಧ್ಯಪ್ರದೇಶದಲ್ಲಿ ಒಂದು ಭೇಟಿ ಸರಾಸರಿ ನಾಲ್ಕು ನಿಮಿಷವನ್ನೂ ಮುಟ್ಟಲಿಲ್ಲ. ಕೇಳಲೇಬೇಕಾದ ಪ್ರಶ್ನೆ, ಮಾಡಲೇಬೇಕಾದ ಪರೀಕ್ಷೆಗಳಲ್ಲಿ ನಡೆದದ್ದು ಮೂರರಲ್ಲಿ ಒಂದು ಪಾಲು. 2016ರಲ್ಲಿ ಬಂದ ಅವರ ಇನ್ನೊಂದು ಅಧ್ಯಯನ ಸರ್ಕಾರಿ ಆಸ್ಪತ್ರೆಯ ಪಕ್ಷ ವಹಿಸುವ ನನ್ನಂಥವರ ಬಾಯಿ ಮುಚ್ಚಿಸುತ್ತದೆ: ಅದೇ ಡಾಕ್ಟರು ಸರ್ಕಾರಿ ಕೇಂದ್ರಕ್ಕಿಂತ ತನ್ನ ಖಾಸಗಿ ಕ್ಲಿನಿಕ್ಕಿನಲ್ಲಿ ಹೆಚ್ಚು ಹೊತ್ತು ಕೊಟ್ಟು ನೋಡುತ್ತಿದ್ದ. ಹಾಗಾಗಿ ಬಾಗಿಲ ಮೇಲಿನ ಫಲಕ ಸರ್ಕಾರದ್ದೋ ಖಾಸಗಿಯೋ ಎಂಬುದರಿಂದ ಏನೂ ತೀರ್ಮಾನವಾಗದು. ಒಳಗಿನ ಆ ಕೆಲವು ನಿಮಿಷಗಳನ್ನೇ ನೋಡಬೇಕು.

ನಿಮ್ಮ ಸಕ್ಕರೆ ಕಾಯಿಲೆಯಿಂದಲೇ ನೋಡೋಣ. ಕಳೆದ ಒಂದು ವರ್ಷದಲ್ಲಿ ಯಾರಾದರೂ ನಿಮ್ಮ ಚಪ್ಪಲಿ ಬಿಡಿಸಿ, ಕಾಲ್ಬೆರಳ ಸಂದುಗಳನ್ನು ಬಿಡಿಸಿ ನೋಡಿದ್ದಾರೆಯೇ? ಕಣ್ಣು ಮುಚ್ಚಿಸಿ, ಅಂಗಾಲಿಗೆ ಸಣ್ಣ ನೈಲಾನ್ ಎಳೆ ತಾಗಿಸಿ "ಗೊತ್ತಾಯಿತೇ" ಎಂದು ಕೇಳಿದ್ದಾರೆಯೇ? ಸ್ಪರ್ಶ ಸತ್ತ ಕಾಲಿನಲ್ಲಿ ಮುಳ್ಳು ಚುಚ್ಚಿದರೂ ತಿಳಿಯದು. ಕಾಲು ಕತ್ತರಿಸುವವರೆಗಿನ ಕಥೆ ಎಷ್ಟೋ ಸಲ ಅಲ್ಲಿಂದಲೇ ಶುರುವಾಗುತ್ತದೆ. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ವರ್ಷಕ್ಕೆ ಎರಡು ಸಲವಾದರೂ, ಕಣ್ಣಿನ ಅಕ್ಷಿಪಟಲದ ಹಾಗೂ ಮೂತ್ರದ ಪರೀಕ್ಷೆ ವರ್ಷಕ್ಕೊಮ್ಮೆಯಾದರೂ ಆಗಬೇಕು. ಓಡಿಬಂದ ಉಸಿರಿನಲ್ಲೇ ರಕ್ತದೊತ್ತಡ ನೋಡುತ್ತಾರೋ, ಐದು ನಿಮಿಷ ಕೂರಿಸಿ, ತೋಳಿಗೆ ಆಸರೆ ಕೊಟ್ಟು ನೋಡುತ್ತಾರೋ ಗಮನಿಸಿ. "ಇದು ನನ್ನಿಂದಾಗದು, ದೊಡ್ಡಾಸ್ಪತ್ರೆಗೆ ಹೋಗಿ" ಎನ್ನುವ ಡಾಕ್ಟರನ್ನು ದಡ್ಡರೆನ್ನಬೇಡಿ. ನಾನಾದರೆ ಅವರಿಗೆ ಎರಡು ಅಂಕ ಹೆಚ್ಚೇ ಕೊಡುತ್ತೇನೆ. ಕಾಲು ನೋಡಿದವರು ಯಾರೋ ಅವರ ಹತ್ತಿರ ಹೋಗಿ. ಇಬ್ಬರೂ ನೋಡಿಲ್ಲವಾದರೆ ಮೊದಲು ವೈದ್ಯೆಯನ್ನು ಕೇಳಿ. ಸಕ್ಕರೆಯ ಮಾತ್ರೆಗಳನ್ನು ಸರ್ಕಾರಿ ಕೇಂದ್ರದಲ್ಲಿ ಉಚಿತವಾಗಿ ಕೊಡುತ್ತಾರೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಂತೆ ಕ್ಲಿನಿಕ್ಕಿಗೆ ನೋಂದಣಿ ಇರಬೇಕು, ದರಪಟ್ಟಿ ಕಾಣುವಂತಿರಬೇಕು. ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು, ಔಷಧದ ಹೆಸರು ಓದುವಂತಿರಬೇಕು. ಪೊಟ್ಟಣದ ಮೂರು ಬಣ್ಣದ ಮಾತ್ರೆ ಈ ಲೆಕ್ಕದಲ್ಲಿ ನಪಾಸು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಮೊದಲು ನೋಡುವುದು ಲಸಿಕೆ ಇಡುವ ಫ್ರಿಜ್ಜನ್ನು. ಒಳಗೆ 2ರಿಂದ 8 ಡಿಗ್ರಿ ಇರಬೇಕು. ದಿನಕ್ಕೆ ಎರಡು ಸಲ ನೋಡಿ ಬರೆದಿಡಬೇಕು. ಆ ಹಾಳೆಯಲ್ಲಿ ಭಾನುವಾರದ ಮನೆ ಖಾಲಿ ಇದ್ದರೆ ಸಿಬ್ಬಂದಿ ಸಾಲದು ಎಂದು ತಿಳಿಯಬಹುದು. ಬೆಳಿಗ್ಗೆ ಹತ್ತಕ್ಕೇ ಸಂಜೆಯ ಅಂಕಿಯನ್ನೂ ಬರೆದಿಟ್ಟಿದ್ದರೆ ಅಲ್ಲಿನ ಬೇರೆ ದಾಖಲೆಗಳನ್ನೂ ನಾನು ನಂಬುವುದಿಲ್ಲ.

ಇನ್ನು ನಿಮ್ಮ ಪಟ್ಟಿ. ಪ್ರಕಟಿಸುವುದಿಲ್ಲ. ಮುದುಕರನ್ನೂ ಬಡವರನ್ನೂ ಕೈಬಿಡದೆ ನೋಡುವ ಕ್ಲಿನಿಕ್ಕಿನ ಫಲಿತಾಂಶ ಕೆಟ್ಟದಾಗಿ ಕಾಣುತ್ತದೆ, ಕಷ್ಟದ ರೋಗಿಗಳನ್ನು ಸಾಗಹಾಕುವವರದು ಥಳಥಳಿಸುತ್ತದೆ. ದಡ್ಡ ಹುಡುಗರನ್ನು ಪರೀಕ್ಷೆಗೇ ಕೂರಿಸದೆ ನೂರಕ್ಕೆ ನೂರು ತೆಗೆಯುವ ಶಾಲೆಗಳನ್ನು ನೀವು ಕಂಡಿಲ್ಲವೇ? ಸರ್ಕಾರಿ ಕೇಂದ್ರಗಳಿಗಾದರೆ ಎನ್‌ಕ್ಯೂಎಎಸ್ ಎಂಬ ರಾಷ್ಟ್ರೀಯ ಗುಣಮಟ್ಟ ಮಾನದಂಡ ಈಗಾಗಲೇ ಇದೆ. ತಪಾಸಣೆಗೆ ಬಂದವರು ಸ್ವತಃ ನೋಡುತ್ತಾರೆ, ದಾಖಲೆ ತೆಗೆಸುತ್ತಾರೆ, ಸಿಬ್ಬಂದಿಯನ್ನೂ ರೋಗಿಗಳನ್ನೂ ಮಾತನಾಡಿಸುತ್ತಾರೆ. ಪ್ರಮಾಣಪತ್ರಕ್ಕೆ ಒಟ್ಟಾರೆ ಶೇಕಡಾ 70ರಷ್ಟಾದರೂ ಅಂಕ ಬೇಕು. ನಿಮ್ಮ ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಸಭೆ ಎಂದು ನಡೆಯುತ್ತದೆಂದು ವಿಚಾರಿಸಿ. ತಪಾಸಣೆ ಆಗಿದೆಯೇ, ಯಾವ ವಿಭಾಗದಲ್ಲಿ ಅಂಕ ಕಡಿಮೆ ಬಿತ್ತು ಎಂದು ಸಮಿತಿಯವರನ್ನು ಕೇಳಿ. ಉತ್ತರ ಸಿಕ್ಕರೆ ಬರೆದು ಕಳಿಸಿ, ಪ್ರಕಟಿಸುತ್ತೇವೆ. ಸಿಗದಿದ್ದರೂ ಬರೆದು ಕಳಿಸಿ.

— ಸಂ.