ವೀರ್ಯಾಣು ಆರಿಸಲು ಬೇರೆ ದುಡ್ಡು ಕಟ್ಟಬೇಕೆ?

ಪ್ರಶ್ನೆ: ನನಗೆ 34 ವರ್ಷ. ನಮ್ಮದೇ ರೇಷ್ಮೆ ರೀಲಿಂಗ್ ಘಟಕವಿದೆ, ಬೆಳಗಿನಿಂದ ಗೂಡು ಬೇಯಿಸುವ ಒಲೆಯ ಪಕ್ಕದಲ್ಲೇ ಕೆಲಸ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹೆಂಡತಿಗೆ ತೊಂದರೆಯಿಲ್ಲವಂತೆ. ನನ್ನ ವೀರ್ಯಾಣು ಎಣಿಕೆ ಮಿಲಿಗೆ 9 ಮಿಲಿಯನ್, ಸರಿಯಾದ ಆಕಾರದವು 3%. ಇಕ್ಸಿ (ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಬಿಡುವುದು) ಮಾಡಿಸಿ, ಜೊತೆಗೆ ಒಳ್ಳೆಯ ವೀರ್ಯಾಣು ಆರಿಸಲು ಪಿಕ್ಸಿ ಅನ್ನುವುದನ್ನೋ ಮೈಕ್ರೋಚಿಪ್ ಅನ್ನುವುದನ್ನೋ ಸೇರಿಸಿ ಎಂದು ಆಸ್ಪತ್ರೆಯವರು ಹೇಳುತ್ತಾರೆ. ಅದಕ್ಕೆ ಬೇರೆ ದುಡ್ಡು. ಬೇಕೇ? ಆರಿಸುವುದೇ ಆದರೆ ಗಂಡಾಗುವಂತೆ ಆರಿಸಬಹುದಾ ಅಂತ ಅಮ್ಮ ಕೇಳ್ತಾರೆ.
– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಅಮ್ಮನಿಗೆ ಮೊದಲು ಹೇಳಿಬಿಡಿ: ಆಗುವುದಿಲ್ಲ. ಗರ್ಭ ಕಟ್ಟುವ ಮುಂಚೆಯಾಗಲಿ ಆಮೇಲಾಗಲಿ ಲಿಂಗ ಆಯ್ಕೆ 1994ರ ಕಾಯ್ದೆಯಡಿ ಅಪರಾಧ.

ಆಕಾರ 3% ಎಂದು ಕಂಗಾಲಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಕೆಳಮಿತಿಯೇ 4%. ಎಣಿಕೆ ಮಾತ್ರ ಕಡಿಮೆಯೇ, ಅಲ್ಲಿನ ಕೆಳಮಿತಿ 16 ಮಿಲಿಯನ್.

ಬೇರೆ ದುಡ್ಡು ಕಟ್ಟದಿದ್ದರೂ ಲ್ಯಾಬಿನವರು ಆರಿಸಿಯೇ ಆರಿಸುತ್ತಾರೆ. ವೀರ್ಯವನ್ನು ದ್ರಾವಣದ ಪದರಗಳ ಮೇಲೆ ಬಿಟ್ಟು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಗಟ್ಟಿಯಾದವು ತಳ ಸೇರುತ್ತವೆ, ಕಸ ಮೇಲೆ ಉಳಿಯುತ್ತದೆ. ಇಕ್ಸಿಯಲ್ಲಿ ಸೂಕ್ಷ್ಮದರ್ಶಕದಡಿ ಚುರುಕಾದ ಒಂದನ್ನು ಹುಡುಕಿ, ಸೂಜಿಯಿಂದ ಬಾಲ ಒತ್ತಿ ನಿಲ್ಲಿಸಿ, ಹೀರಿಕೊಂಡು ಅಂಡದೊಳಗೆ ಬಿಡುತ್ತಾರೆ. ಪಿಕ್ಸಿಯಲ್ಲಿ ತಟ್ಟೆಗೆ ಹೈಯಲುರೋನನ್ ಸವರಿರುತ್ತಾರೆ. ಬಲಿತ ವೀರ್ಯಾಣುಗಳ ತಲೆ ಅದಕ್ಕೆ ಅಂಟುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನ ತುಂಬಿ ಹುಟ್ಟಿದ ಮಕ್ಕಳ ಪ್ರಮಾಣ ಸಾದಾ ಇಕ್ಸಿಗಿಂತ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲ. ಗರ್ಭಪಾತ ಸ್ವಲ್ಪ ಕಡಿಮೆಯಿತ್ತು, ಅದೂ ನಿಜ. ಇನ್ನು ಮೈಕ್ರೋಚಿಪ್‌ನ ಸಣ್ಣ ಕಾಲುವೆಗಳಲ್ಲಿ ಈಜಿ ಬಂದ ವೀರ್ಯಾಣುಗಳಲ್ಲಿ ಡಿಎನ್‌ಎ ಮುರಿದವು ಕಡಿಮೆ. ಹಾಗೆಂದು ಮಗು ಗ್ಯಾರಂಟಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನ ಕಣ್ಣು ಬಿದ್ದದ್ದು ನಿಮ್ಮ ಒಲೆಯ ಮೇಲೆ. ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ತಂಪು ಬೇಕು. ನೀವು ದಿನವಿಡೀ ಹಬೆಯಲ್ಲಿದ್ದೀರಿ. ಬೇಯಿಸುವ ಕೆಲಸ ಬೇರೆಯವರಿಗೆ ಕೊಟ್ಟು, ಗೂಡಿನ ಮಾರುಕಟ್ಟೆಯ ಓಡಾಟ ನೀವು ನೋಡಿಕೊಳ್ಳಿ. ಬೀಡಿ, ಗುಟ್ಕಾ ಇದ್ದರೆ ಬಿಡಿ. ಹೊಸ ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕಾದ್ದರಿಂದ ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ಅಷ್ಟರಲ್ಲಿ ಯೂರಾಲಜಿಸ್ಟ್ ಬಳಿ ವೇರಿಕೋಸಿಲ್ (ವೃಷಣದ ಬಳಿಯ ರಕ್ತನಾಳಗಳ ಊತ) ಇದೆಯೇ ನೋಡಿಸಿಕೊಳ್ಳಿ. ನಾಚಿಕೆ ಬೇಡ, ನಿಲ್ಲಿಸಿ ಕೈಯಲ್ಲಿ ಮುಟ್ಟಿ ನೋಡುತ್ತಾರೆ ಅಷ್ಟೇ.

ಹೆಂಡತಿಯ ವಯಸ್ಸು ಬರೆದಿಲ್ಲ. 35 ದಾಟಿದ್ದರೆ ಈ ಮೂರು ತಿಂಗಳು ಕಾಯಬಹುದೇ ಎಂದು ಅವರ ವೈದ್ಯರನ್ನು ಕೇಳಿಯೇ ತೀರ್ಮಾನಿಸಿ.