ಗಾಜು ಕಪ್ಪಾದಷ್ಟೂ ಒಳ್ಳೆಯದೇ?

ಪ್ರಶ್ನೆ: ಕೆಲಸದ ನಿಮಿತ್ತ ಪ್ರತಿದಿನ ಹುಬ್ಬಳ್ಳಿಯಿಂದ ಗದಗಿಗೆ ಕಾರಿನಲ್ಲಿ ಓಡಾಡುತ್ತೇನೆ. ಬೆಳಿಗ್ಗೆ ಹೋಗುವಾಗಲೂ ಸಂಜೆ ಮರಳುವಾಗಲೂ ಬಿಸಿಲು ಮುಖಕ್ಕೇ ಹೊಡೆಯುತ್ತದೆ. ರಸ್ತೆ ಬದಿಯಲ್ಲಿ 200 ರೂಪಾಯಿಗೆ ಕೊಂಡ ಕೂಲಿಂಗ್ ಗ್ಲಾಸ್ ಬಹಳ ಕಪ್ಪಾಗಿದ್ದರೂ ರಸ್ತೆಯ ಹೊಳಪು ಕಣ್ಣು ಕುಕ್ಕುವುದು ನಿಂತಿಲ್ಲ. ಅಂಗಡಿಯವರು ಪೋಲರೈಸ್ಡ್ ಗಾಜಿಗೆ 2,500 ರೂಪಾಯಿ ಹೇಳುತ್ತಾರೆ. ಅಷ್ಟು ಕೊಡುವುದು ಸಾರ್ಥಕವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಗಾಜಿನ ಕಪ್ಪು, ಅತಿನೇರಳೆ ಕಿರಣಗಳನ್ನು ತಡೆಯುವ ಗುಣ, ಹೊಳಪನ್ನು ಅಳಿಸುವ ಗುಣ, ಇವು ಮೂರೂ ಬೇರೆ ಬೇರೆ. ನಿಮ್ಮ ಕನ್ನಡಕದಲ್ಲಿ ಮೊದಲನೆಯದು ಧಾರಾಳವಾಗಿದೆ. ಉಳಿದೆರಡು ಇವೆಯೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಕಪ್ಪು ಗಾಜಿನ ಹಿಂದೆ ಬೆಳಕು ಕಡಿಮೆಯಾಗುವುದರಿಂದ ಕಣ್ಣಿನ ಪಾಪೆ ಹಿಗ್ಗುತ್ತದೆ. ಆ ಗಾಜು ಅತಿನೇರಳೆ ಕಿರಣಗಳನ್ನು ತಡೆಯದಿದ್ದರೆ ಹಿಗ್ಗಿದ ಪಾಪೆಯ ಮೂಲಕ ಅವು ಇನ್ನಷ್ಟು ಒಳನುಗ್ಗಲು ದಾರಿಯಾಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದದ್ದು ‘ಯುವಿ 400’ ಗಾಜು, ಅಂದರೆ 400 ನ್ಯಾನೊಮೀಟರ್‌ವರೆಗಿನ ತರಂಗಾಂತರದ ಅತಿನೇರಳೆ (ಯುವಿ) ಕಿರಣಗಳನ್ನು ತಡೆಯುವಂಥದ್ದು.

ಇನ್ನು ಹೊಳಪಿನ ವಿಷಯ. ಬಿಸಿಲಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ಆದರೆ ಅವು ನೀರು, ಡಾಂಬರು, ಕಾರಿನ ಬಾನೆಟ್ಟಿನಂಥ ಮಟ್ಟಸವಾದ ಮೇಲ್ಮೈಗೆ ಓರೆಯಾಗಿ ತಾಗಿ ಪುಟಿದಾಗ ಹೆಚ್ಚಿನ ಪಾಲು ಅಡ್ಡಡ್ಡಲಾಗಿ ಕಂಪಿಸುವ ಬೆಳಕಾಗುತ್ತದೆ. ಪೋಲರೈಸ್ಡ್ ಗಾಜು ಈ ಅಡ್ಡ ಕಂಪನವನ್ನಷ್ಟೇ ತಡೆದು ಉಳಿದದ್ದನ್ನು ಬಿಡುತ್ತದೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅವರು ನಿಕೋಲ್ ಪ್ರಿಸಂ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ಹಿಡಿದು ಕಡಲ ಮೇಲಿನ ಆಕಾಶದ ಪ್ರತಿಫಲನವನ್ನು ಅಳಿಸಿ, ಕಡಲಿನ ನೀಲಿ ಬಣ್ಣ ನೀರಿನದೇ ಎಂದು ಕಂಡುಕೊಂಡದ್ದೂ ಇದೇ ಉಪಾಯದಿಂದ.

ಆದರೂ ನಿಮ್ಮ ದಾರಿಗೆ ಒಂದು ಮಾತು ಹೇಳಲೇಬೇಕು. ನೀರಿನ ಮೇಲೆ ಈ ಪರಿಣಾಮ ಪೂರ್ಣವಾಗಿರುವುದು ಸೂರ್ಯ ದಿಗಂತದಿಂದ ಸುಮಾರು 37 ಡಿಗ್ರಿ ಎತ್ತರದಲ್ಲಿದ್ದಾಗ. ಸೂರ್ಯ ತೀರ ಕೆಳಗಿಳಿದಂತೆ ಅದು ಕುಗ್ಗುತ್ತದೆ. ನೇರವಾಗಿ ಕಣ್ಣಿಗೆ ಬೀಳುವ ಬಿಸಿಲಿಗಂತೂ ಪೋಲರೈಸ್ಡ್ ಗಾಜು ಬರೀ ಬಣ್ಣದ ಗಾಜಿಗಿಂತ ಹೆಚ್ಚಿನದೇನನ್ನೂ ಮಾಡದು. ಅಲ್ಲಿ ಕೆಲಸಕ್ಕೆ ಬರುವುದು ಕಾರಿನ ಸನ್ ವೈಸರ್, ಮತ್ತು ಒಳಗಿನಿಂದಲೂ ಒರೆಸಿದ ಮುಂಗಾಜು. ಒಂಬತ್ತರ ನಂತರ ಹೊರಡುವವರಾದರೆ, ಮಳೆಗಾಲದಲ್ಲಿ ತೊಯ್ದ ರಸ್ತೆಯಲ್ಲಿ ಓಡಾಡುವವರಾದರೆ, ನನ್ನ ಅಭಿಪ್ರಾಯದಲ್ಲಿ ಆ ಹಣ ವ್ಯರ್ಥವಲ್ಲ. ಕೂಲಿಂಗ್ ಗ್ಲಾಸ್‌ಗಳನ್ನು ಕಪ್ಪಿನ ಪ್ರಮಾಣಕ್ಕೆ ತಕ್ಕಂತೆ ವರ್ಗಗಳಾಗಿ ವಿಂಗಡಿಸುತ್ತಾರೆ; ಮೂರನೆಯ ವರ್ಗದ ಗಾಜು ಕೇಳಿ. ಅದು ಶೇ 8ರಿಂದ 18ರಷ್ಟು ಬೆಳಕನ್ನು ಬಿಡುತ್ತದೆ. ಅದಕ್ಕಿಂತ ಕಪ್ಪಾದ ನಾಲ್ಕನೆಯ ವರ್ಗ ವಾಹನ ಚಾಲನೆಗೆ ಸಲ್ಲದು.

ಪ್ರಶ್ನೆ: ಅಂಗಡಿಯಲ್ಲಿ ಒಂದು ಕಾರ್ಡ್ ತೋರಿಸಿ, ಕನ್ನಡಕ ಹಾಕಿದಾಗ ಮಾತ್ರ ಅದರಲ್ಲಿ ಚಿತ್ರ ಕಾಣುವುದೇ ಗುಣಮಟ್ಟಕ್ಕೆ ಸಾಕ್ಷಿ ಎಂದರು. ನಂಬಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಆ ಕಾರ್ಡ್ ಸಾಬೀತುಪಡಿಸುವುದು ಗಾಜು ಪೋಲರೈಸ್ಡ್ ಎಂಬುದನ್ನು ಮಾತ್ರ. ಅತಿನೇರಳೆ ಕಿರಣಗಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಅದಕ್ಕೆ ಕನ್ನಡಕದಂಗಡಿಗಳಲ್ಲಿ ಅಳೆಯುವ ಪುಟ್ಟ ಯಂತ್ರವಿರುತ್ತದೆ, ಅದರಲ್ಲಿಟ್ಟು ತೋರಿಸುವಂತೆ ಕೇಳಿ. ಗಾಜಿನ ನಯವನ್ನು ನೀವೇ ಪರೀಕ್ಷಿಸಬಹುದು: ಕನ್ನಡಕವನ್ನು ಕೈಚಾಚಿ ಹಿಡಿದು, ಅದರ ಮೂಲಕ ಬಾಗಿಲ ಚೌಕಟ್ಟನ್ನು ನೋಡುತ್ತ ನಿಧಾನವಾಗಿ ಅತ್ತಿತ್ತ ಸರಿಸಿ. ಗೆರೆ ಬಳುಕಿದರೆ ಆ ಗಾಜು ಬೇಡ; ಅದನ್ನು ಹಾಕಿಕೊಂಡರೆ ಸಂಜೆಯ ಹೊತ್ತಿಗೆ ತಲೆನೋವು ಬಂದರೂ ಆಶ್ಚರ್ಯವಿಲ್ಲ. ಅಂದಹಾಗೆ, ಪೋಲರೈಸ್ಡ್ ಗಾಜನ್ನು ಹಾಕಿ ತಲೆ ಓರೆ ಮಾಡಿದಾಗ ಎಲ್‌ಸಿಡಿ ಪರದೆ ಕಪ್ಪಾಗಿ ಕಂಡರೆ ಗಾಬರಿಯಾಗಬೇಡಿ, ಅದು ದೋಷವಲ್ಲ.