ನಮ್ಮೂರಿನ ಏಜೆಂಟರು, ಬ್ಯಾಂಕಾಕಿನ ಕೆಲಸ

ಪ್ರಶ್ನೆ: ನನಗೆ 27 ವರ್ಷ. ಬಿ.ಎ., ಬಿ.ಎಡ್. ಮುಗಿಸಿ ಡೊಂಬಿವಲಿಯ ಖಾಸಗಿ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಸಂಬಳ ಬಹಳ ಕಡಿಮೆ. ಬ್ಯಾಂಕಾಕಿನ ಶಾಲೆಯೊಂದರಲ್ಲಿ ತಿಂಗಳಿಗೆ 60,000 ಬಾತ್ ಸಂಬಳದ ಕೆಲಸವಿದೆ ಎಂದು ಅಂಧೇರಿಯ ಏಜೆಂಟರೊಬ್ಬರು ಹೇಳಿದ್ದಾರೆ. ಅವರು ಕುಂದಾಪುರದ ಕಡೆಯವರು, ಸಂಘದ ಕಾರ್ಯಕ್ರಮಗಳಲ್ಲಿ ನನ್ನ ಸೋದರಮಾವನಿಗೆ ಪರಿಚಯವಾದವರು. ವಾಟ್ಸ್‌ಆ್ಯಪ್‌ನಲ್ಲಿ ಹತ್ತು ನಿಮಿಷ ಸಂದರ್ಶನ ನಡೆದು ಮರುದಿನವೇ ನೇಮಕಾತಿ ಪತ್ರ ಬಂತು. ಒಟ್ಟು 1,40,000 ರೂಪಾಯಿ ಕೇಳುತ್ತಿದ್ದಾರೆ, ಅರ್ಧವನ್ನು ಈ ವಾರವೇ ಕೊಡಬೇಕಂತೆ. ಮೊದಲು ಪ್ರವಾಸಿಯಾಗಿ ಹೋಗಿ ಆಮೇಲೆ ಅಲ್ಲಿಯೇ ವೀಸಾ ಬದಲಿಸಿಕೊಳ್ಳಬಹುದಂತೆ. ಪಾಸ್‌ಪೋರ್ಟ್ ಮತ್ತು ಮೂಲ ಅಂಕಪಟ್ಟಿಗಳನ್ನು ಈಗಾಗಲೇ ಅವರಿಗೆ ಕೊಟ್ಟಿದ್ದೇನೆ. ಅಪ್ಪ ಎಫ್‌ಡಿ ಮುರಿಸಲು ಸಿದ್ಧರಿದ್ದಾರೆ. ಹೆಚ್ಚು ಪ್ರಶ್ನೆ ಕೇಳಿದರೆ ಮಾವನಿಗೆ ಬೇಸರವಾಗುತ್ತದೆ. ಈ ಏಜೆಂಟರನ್ನು ನಂಬಬಹುದೇ? ನೇಮಕಾತಿ ಪತ್ರದ ಪ್ರತಿ ಕಳಿಸಿದ್ದೇನೆ.
— ಹೆಸರು ಬೇಡ, ಡೊಂಬಿವಲಿ

ಉತ್ತರ: ಈ ವಾರ ಒಂದು ರೂಪಾಯಿಯನ್ನೂ ಕೊಡಬೇಡಿ. ಅದಕ್ಕಿಂತ ಮೊದಲು, ನಾಳೆಯೇ ಅಪ್ಪನನ್ನು ಜೊತೆಗೆ ಕರೆದುಕೊಂಡು ಅಂಧೇರಿಗೆ ಹೋಗಿ ಪಾಸ್‌ಪೋರ್ಟನ್ನೂ ಅಂಕಪಟ್ಟಿಗಳನ್ನೂ ಮರಳಿ ಪಡೆಯಿರಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಇಟ್ಟುಕೊಳ್ಳುವ ಹಕ್ಕು ಯಾವ ಖಾಸಗಿ ವ್ಯಕ್ತಿಗೂ ಇಲ್ಲ. ನಿಮ್ಮ ಪತ್ರದಲ್ಲಿಯೇ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲ. ನೀವು ಪ್ರವಾಸಿಯಾಗಿಯೇ ಹೋಗುವುದಾದರೆ, ಉದ್ಯೋಗದ ವೀಸಾಕ್ಕೆ ಅರ್ಜಿಯನ್ನೇ ಹಾಕದ ಏಜೆಂಟರಿಗೆ ನಿಮ್ಮ ಪಾಸ್‌ಪೋರ್ಟ್ ಇಷ್ಟು ದಿನ ಯಾಕೆ ಬೇಕಾಯಿತು? ಬೇರೆ ಯಾವ ಪ್ರಶ್ನೆಯನ್ನು ಬಿಟ್ಟರೂ ಇದನ್ನು ಮಾತ್ರ ಅವರ ಎದುರಿಗೇ ಕೇಳಿ.

ಅವರು ಒಳ್ಳೆಯವರೋ ಕೆಟ್ಟವರೋ ಎಂದು ನೀವು ಕೇಳಿದ್ದೀರಿ. ಅದನ್ನು ನಾನಾಗಲಿ ನಿಮ್ಮ ಮಾವನಾಗಲಿ ನಿರ್ಧರಿಸಲಾರೆವು, ನಿರ್ಧರಿಸುವ ಅಗತ್ಯವೂ ಇಲ್ಲ. ಹೊರದೇಶದ ಕೆಲಸಕ್ಕೆ ಜನರನ್ನು ಕಳಿಸುವ ವ್ಯವಹಾರ ಮಾಡುವವರು 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಪಡೆದಿರಬೇಕು. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ, ನೋಂದಣಿಯಿಲ್ಲದೆ ವ್ಯವಹಾರ ನಡೆಸುವವರ ಬಗ್ಗೆ ಎಚ್ಚರಿಸುವ ಪಟ್ಟಿಯೂ ಅಲ್ಲಿಯೇ ಸಿಗುತ್ತದೆ. ಅವರ ನೋಂದಣಿ ಪತ್ರವನ್ನು ಕೇಳಿ ಪಡೆದು, ಅದರಲ್ಲಿರುವ ಸಂಖ್ಯೆ, ಸಂಸ್ಥೆಯ ಹೆಸರು, ವಿಳಾಸ ಮತ್ತು ಅವಧಿ ಈ ನಾಲ್ಕನ್ನೂ ಜಾಲತಾಣದ ವಿವರದೊಂದಿಗೆ ಹೋಲಿಸಿ ನೋಡಿ. "ನಮ್ಮದು ದಿಲ್ಲಿಯ ದೊಡ್ಡ ಕಂಪನಿಯ ಶಾಖೆ" ಎಂದೋ "ನಾವು ಅವರ ಸಬ್ ಏಜೆಂಟರು" ಎಂದೋ ಉತ್ತರ ಬಂದರೆ, ಸಬ್ ಏಜೆಂಟ್ ಎಂಬುದಕ್ಕೆ ಈ ವ್ಯವಸ್ಥೆಯಲ್ಲಿ ಮಾನ್ಯತೆಯೇ ಇಲ್ಲ ಎಂಬುದು ನಿಮಗೆ ಗೊತ್ತಿರಲಿ.

ಹಣದ ವಿಷಯವೂ ಹಾಗೆಯೇ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದಕ್ಕೆ ಶೇ. 18ರ ಜಿಎಸ್‌ಟಿ ಸೇರಿದರೆ 35,400. ನಿಮ್ಮಿಂದ ಕೇಳುತ್ತಿರುವುದು ಅದರ ಸುಮಾರು ನಾಲ್ಕು ಪಟ್ಟು. ವಿಮಾನದ ಟಿಕೆಟ್ಟು, ವೀಸಾ ಶುಲ್ಕ ಇತ್ಯಾದಿ ಬೇರೆ ಎಂಬುದು ನಿಜ, ಆದರೆ ಹಾಗಿದ್ದಲ್ಲಿ ಪ್ರತಿಯೊಂದಕ್ಕೂ ಬೇರೆಬೇರೆ ಮೊತ್ತ ಬರೆದ, ಸಂಸ್ಥೆಯ ಹೆಸರಿನ ರಸೀದಿ ಕೊಡಲು ಅವರಿಗೆ ತೊಂದರೆ ಇರಬಾರದು. ವ್ಯಕ್ತಿಯ ಖಾಸಗಿ ಖಾತೆಗೆ ಫೋನ್‌ಪೇ ಮಾಡಲು ಹೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಇದು ಶುಲ್ಕವಲ್ಲ, ಟೆಫಲ್ (ಇಂಗ್ಲಿಷನ್ನು ವಿದೇಶಿ ಭಾಷೆಯಾಗಿ ಕಲಿಸುವ) ತರಬೇತಿಯ ಖರ್ಚು ಎಂದು ಹೆಸರು ಬದಲಿಸುವವರೂ ಇದ್ದಾರೆ. ತರಬೇತಿ ಬೇಕೆನಿಸಿದರೆ ಅದನ್ನು ನೀವೇ ಬೇರೆ ಕಡೆ ಆರಿಸಿಕೊಳ್ಳಬಹುದು, ಕೆಲಸದ ಜೊತೆಗೆ ಕಟ್ಟಿ ಮಾರುವ ತರಬೇತಿಗೆ ಬೆಲೆ ಕೊಡಬೇಕಾಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸಿದ್ದು ವೀಸಾದ ಮಾತು. ಥಾಯ್ಲೆಂಡಿನಲ್ಲಿ ವಿದೇಶಿಯರು ಕಲಿಸಬೇಕಾದರೆ ಕೆಲಸಕ್ಕಾಗಿ ಕೊಡುವ ನಾನ್-ಇಮಿಗ್ರಂಟ್ ಬಿ ವೀಸಾ ಬೇಕು, ಆ ಬಳಿಕ ಕೆಲಸದ ಪರವಾನಗಿ ಬೇಕು, ಶಾಲೆಯಾದ್ದರಿಂದ ಅಲ್ಲಿನ ಶಿಕ್ಷಕರ ಮಂಡಳಿಯ ಅನುಮತಿಯೂ ಬೇಕು. ವೀಸಾ ಅರ್ಜಿಯ ಜೊತೆಗೆ ಶಾಲೆಯೇ ತನ್ನ ನೋಂದಣಿ ಪತ್ರಗಳನ್ನೂ, ಖಾಸಗಿ ಶಾಲೆಯಾದರೆ ಅಲ್ಲಿನ ಖಾಸಗಿ ಶಿಕ್ಷಣ ಆಯೋಗದ ಕಚೇರಿಯ ಒಪ್ಪಿಗೆ ಪತ್ರವನ್ನೂ ಒದಗಿಸಬೇಕಾಗುತ್ತದೆ. ನಿಜವಾಗಿ ಶಿಕ್ಷಕಿ ಬೇಕಾಗಿರುವ ಶಾಲೆ ಈ ಕಾಗದಗಳನ್ನು ಕಳಿಸುತ್ತದೆ, ಕಳಿಸದೆ ಅದಕ್ಕೂ ಬೇರೆ ದಾರಿಯಿಲ್ಲ. ಪ್ರವಾಸಿಯಾಗಿ ಹೋಗಿ ಅಲ್ಲಿಯೇ ವೀಸಾ ಬದಲಿಸಿಕೊಂಡವರು ಇಲ್ಲವೆಂದಲ್ಲ. ಆದರೆ ಬದಲಾಗದಿದ್ದರೆ ಕಾನೂನಿನ ಕಣ್ಣಿಗೆ ತಪ್ಪಿತಸ್ಥರಾಗುವುದು ನೀವು, ಏಜೆಂಟರಲ್ಲ.

ಹೆದರಿಸುವುದಕ್ಕಾಗಿ ಹೇಳುತ್ತಿಲ್ಲ, ಆದರೆ ಇದನ್ನು ಮರೆಮಾಚುವುದೂ ಸರಿಯಲ್ಲ. ಬ್ಯಾಂಕಾಕಿನಲ್ಲಿ ಕೆಲಸವೆಂದು ನಂಬಿಸಿ, ಪ್ರವಾಸಿಗಳಾಗಿ ಕರೆಸಿಕೊಂಡು, ಮೇ ಸೋಟ್ ಎಂಬ ಗಡಿ ಊರಿನ ಮೂಲಕ ಮ್ಯಾನ್ಮಾರಿನ ಮ್ಯಾವಡ್ಡಿಗೆ ದಾಟಿಸಿ, ಸೈಬರ್ ವಂಚನೆಯ ಕೇಂದ್ರಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರಲ್ಲಿಯೇ ಎಚ್ಚರಿಕೆ ನೀಡಿತ್ತು. 2025ರ ಮಾರ್ಚ್ ತಿಂಗಳಲ್ಲಿ ಅಂಥ ಕೇಂದ್ರಗಳಿಂದ ಬಿಡುಗಡೆಯಾದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಯಿತು. ಅವರಲ್ಲಿ ಓದಿದವರೇ ಬಹಳ ಮಂದಿ, ಇಂಗ್ಲಿಷ್ ಬಲ್ಲವರನ್ನೇ ಆ ಜಾಲದವರು ಹುಡುಕುತ್ತಾರೆ. ನಿಮ್ಮ ಏಜೆಂಟರು ಅಂಥವರೆಂದು ನಾನು ಹೇಳುತ್ತಿಲ್ಲ. ಹೋಗುವ ದಾರಿ ಮಾತ್ರ ಅದೇ ಆಗಿದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಕೆಲಸಕ್ಕೆ ಹೊರಡುವ ಮೊದಲು ಎಮಿಗ್ರೇಷನ್ ಕ್ಲಿಯರೆನ್ಸ್, ಅಂದರೆ ನಮ್ಮ ಸರ್ಕಾರದ ಅನುಮತಿ, ಬೇಕಾಗುವ 18 ದೇಶಗಳಲ್ಲಿ ಥಾಯ್ಲೆಂಡ್ ಒಂದು. ಆದರೆ ಹತ್ತನೆಯ ತರಗತಿ ದಾಟಿದ ನಿಮಗೆ ಆ ಕ್ಲಿಯರೆನ್ಸಿನಿಂದ ವಿನಾಯಿತಿ ಇದೆ. ಇದು ಸೌಲಭ್ಯವೆಂದು ಏಜೆಂಟರು ಹೊಗಳಿರಬಹುದು. ಇದರ ಅರ್ಥ, ಕಡಿಮೆ ಓದಿದ ಕಾರ್ಮಿಕನೊಬ್ಬ ಹೊರಡುವಾಗ ಅವನ ಕರಾರನ್ನು ಸರ್ಕಾರಿ ಅಧಿಕಾರಿಯೊಬ್ಬರು ನೋಡುತ್ತಾರೆ, ನಿಮ್ಮ ಕರಾರನ್ನು ನೋಡುವವರು ನೀವಲ್ಲದೆ ಬೇರೆ ಯಾರೂ ಇಲ್ಲ.

ಆದ್ದರಿಂದ ನೀವು ಕಳಿಸಿದ ನೇಮಕಾತಿ ಪತ್ರವನ್ನು ನಾನು ಎರಡು ಸಲ ಓದಿದೆ. ತಲೆಬರಹದಲ್ಲಿ ಶಾಲೆಯ ಚಿಹ್ನೆ ಇದೆ, ಬೀದಿಯ ಹೆಸರಿಲ್ಲ, ಸ್ಥಿರ ದೂರವಾಣಿಯಿಲ್ಲ, ಮಿಂಚಂಚೆ ವಿಳಾಸ ಜಿಮೇಲ್‌ನದು. ಯಾವ ತರಗತಿ, ವಾರಕ್ಕೆ ಎಷ್ಟು ಪಿರಿಯಡ್, ರಜೆಯ ತಿಂಗಳಲ್ಲಿ ಸಂಬಳ ಉಂಟೇ, ಕೆಲಸ ಬಿಟ್ಟರೆ ಎಷ್ಟು ದಿನದ ನೋಟಿಸ್, ಇವುಗಳ ಸುದ್ದಿಯೇ ಇಲ್ಲ. ಪ್ರಿನ್ಸಿಪಾಲರ ಸಹಿಯ ಕೆಳಗೆ ಅವರ ಹುದ್ದೆಯ ಸ್ಪೆಲ್ಲಿಂಗೇ ತಪ್ಪಾಗಿದೆ; ಇಂಗ್ಲಿಷ್ ಶಿಕ್ಷಕಿಯಾದ ನಿಮ್ಮ ಕಣ್ಣಿಗೆ ಅದು ಬಿದ್ದೇ ಇರುತ್ತದೆ, ಆಸೆಯಿಂದ ಓದುವಾಗ ಮನಸ್ಸು ಅದನ್ನು ದಾಟಿ ಹೋಗಿರಬೇಕು. ಸಂಬಳವೂ ನಂಬುವಂತಿಲ್ಲ. ಇಂಗ್ಲಿಷ್ ಮಾತೃಭಾಷೆಯಾಗಿರುವ ದೇಶಗಳಿಂದ ಬಂದ ಶಿಕ್ಷಕರಿಗೇ ಅಲ್ಲಿನ ಸಾಮಾನ್ಯ ಶಾಲೆಗಳು 30ರಿಂದ 40 ಸಾವಿರ ಬಾತ್‌ಗಳ ಆಸುಪಾಸಿನಲ್ಲಿ ಕೊಡುತ್ತವೆ, ಉಳಿದ ದೇಶದವರಿಗೆ ಅದಕ್ಕಿಂತ ಕಡಿಮೆ. ಅದು ನ್ಯಾಯವಲ್ಲ, ಆದರೆ ವಾಸ್ತವ ಹಾಗಿದೆ. ಮೇಲಾಗಿ ನಮ್ಮಂಥವರಿಂದ ಇಂಗ್ಲಿಷ್ ಪರೀಕ್ಷೆಗಳಾದ ಟೋಯಿಕ್ ಅಥವಾ ಐಇಎಲ್‌ಟಿಎಸ್ ಅಂಕಗಳನ್ನು ಸಾಮಾನ್ಯವಾಗಿ ಕೇಳುತ್ತಾರೆ, ನಿಮ್ಮನ್ನು ಯಾರೂ ಕೇಳಿಯೇ ಇಲ್ಲ. ಒಂದು ಪಾಠವನ್ನೂ ಮಾಡಿ ತೋರಿಸಲು ಹೇಳದೆ, ಹತ್ತು ನಿಮಿಷದ ಕರೆಯಲ್ಲಿ 60,000 ಬಾತ್‌ಗೆ ಶಿಕ್ಷಕಿಯನ್ನು ಆರಿಸುವ ಶಾಲೆ ಇದ್ದರೆ ಅಲ್ಲಿನ ಮಕ್ಕಳ ಬಗ್ಗೆ ನನಗೆ ಕನಿಕರವಿದೆ.

ಶಾಲೆಯ ಹೆಸರನ್ನು ನೀವೇ ಹುಡುಕಿ, ಅದರ ಸ್ವಂತ ಜಾಲತಾಣದಲ್ಲಿರುವ ಸಂಖ್ಯೆಗೆ ಕರೆ ಮಾಡಿ, ನೇಮಕಾತಿ ಪತ್ರದ ಪ್ರತಿಯನ್ನು ಅಲ್ಲಿನ ಕಚೇರಿಗೆ ಕಳಿಸಿ ಇದು ನಿಮ್ಮದೇ ಎಂದು ಕೇಳಿ. ಏಜೆಂಟರು ಕೊಟ್ಟ ಸಂಖ್ಯೆಗೆ ಮಾಡಿದ ಕರೆ ಲೆಕ್ಕಕ್ಕಿಲ್ಲ. ಅಲ್ಲಿ ಕಲಿಸುತ್ತಿರುವ ಭಾರತೀಯ ಅಥವಾ ಫಿಲಿಪ್ಪೀನ್ಸ್‌ನ ಶಿಕ್ಷಕರೊಬ್ಬರೊಡನೆ ಮಾತನಾಡಿಸಿ ಎಂದೂ ಕೇಳಬಹುದು.

ಮಾವನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಸಂಕಟದ ಮುಕ್ಕಾಲು ಪಾಲು ಅಲ್ಲಿಯೇ ಇದೆ. ಮುಂಬಯಿಗೆ ಬಂದ ನಮ್ಮವರಲ್ಲಿ ಅನೇಕರಿಗೆ ಮೊದಲ ಕೆಲಸ, ಮೊದಲ ಖೋಲಿ ಸಿಕ್ಕಿದ್ದು ಊರಿನವರ ಮಾತಿನ ಮೇಲೆಯೇ. ನಿಮ್ಮ ಮಾವನೂ ಅದೇ ವಿಶ್ವಾಸದಿಂದ ಪರಿಚಯ ಮಾಡಿಸಿದ್ದಾರೆ, ಅವರನ್ನು ಶಂಕಿಸಬೇಡಿ. ಆದರೆ ಆಗ ಹೋಟೆಲಿನ ಗಲ್ಲೆಯ ಕೆಲಸ ಮಾಟುಂಗದಲ್ಲಿತ್ತು, ಸರಿಹೋಗದಿದ್ದರೆ ರಾತ್ರಿ ಮನೆಗೆ ಮರಳಬಹುದಿತ್ತು. ಅವರ ಬಳಿ ಹೀಗೆ ಹೇಳಿ ನೋಡಿ: "ಮಾವ, ನೀವು ಒಳ್ಳೆಯದಾಗಲೆಂದೇ ಪರಿಚಯ ಮಾಡಿಸಿದಿರಿ. ಕಾಗದ ನೋಡಿಕೊಳ್ಳುವುದು ನನ್ನ ಕೆಲಸ. ನೋಂದಣಿ ಪತ್ರವನ್ನೂ ಬಿ ವೀಸಾದ ಕಾಗದಗಳನ್ನೂ ನೀವೇ ಕೇಳಿ ತರಿಸಿಕೊಡಿ." ಕೇಳುವ ಹೊಣೆ ಅವರಿಗೇ ಬಂದಾಗ ಬೇಸರಕ್ಕೆ ಜಾಗವಿರುವುದಿಲ್ಲ. ಏಜೆಂಟರು ಸಿಡುಕಿದರೆ ಅದನ್ನು ಮೊದಲು ಕಾಣುವವರೂ ಅವರೇ ಆಗುತ್ತಾರೆ. ಅಮ್ಮ ಜೊತೆಗಿದ್ದರೆ ಈ ಮಾತು ಇನ್ನೂ ಸುಲಭ, ತಂಗಿಯ ಮಾತನ್ನು ಅಣ್ಣ ತೆಗೆದುಹಾಕಲಾರ.

ಪಾಸ್‌ಪೋರ್ಟ್ ಕೊಡಲು ಸತಾಯಿಸಿದರೆ ಎರಡನೆಯ ಸಲ ಅಂಗಲಾಚಬೇಡಿ, ಪೊಲೀಸ್ ಠಾಣೆಯಲ್ಲಿ ಲಿಖಿತ ದೂರು ಕೊಡಿ. ಬಾಂದ್ರಾ-ಕುರ್ಲಾ ಸಂಕೀರ್ಣದ ವಿದೇಶ ಭವನದಲ್ಲಿ ಎಮಿಗ್ರಂಟರ ಸಂರಕ್ಷಣಾಧಿಕಾರಿಯ (ಕೆಲಸಕ್ಕಾಗಿ ಹೊರದೇಶಕ್ಕೆ ಹೋಗುವವರ ಹಿತ ಕಾಯುವ ಸರ್ಕಾರಿ ಅಧಿಕಾರಿಯ) ಕಚೇರಿ ಇದೆ. ಡೊಂಬಿವಲಿಯಿಂದ ಕುರ್ಲಾದಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ. ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಹೋಗಿ. ಮನೆಯವರು ಈಗಾಗಲೇ ಆನ್‌ಲೈನಿನಲ್ಲಿ ಏನಾದರೂ ಕಟ್ಟಿದ್ದು ವಂಚನೆಯೆಂದು ತಿಳಿದುಬಂದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಬಿ.ಎಡ್. ಮತ್ತು ತರಗತಿಯ ಅನುಭವ ಎರಡೂ ಇರುವ ನಿಮಗೆ ಹೊರಗೆ ಕಲಿಸುವ ಆಸೆ ಅತಿಯಾದದ್ದಲ್ಲ. ಥಾಯ್ಲೆಂಡಿನ ಶಾಲಾ ವರ್ಷ ಮೇ ಮಧ್ಯದಲ್ಲಿ ಆರಂಭವಾಗುತ್ತದೆ, ಎರಡನೆಯ ಅವಧಿ ನವೆಂಬರ್ ಹೊತ್ತಿಗೆ. ಅದಕ್ಕೆ ಎರಡು ಮೂರು ತಿಂಗಳ ಮೊದಲು ಶಾಲೆಗಳು ನೇರವಾಗಿ ಅರ್ಜಿ ಕರೆಯುತ್ತವೆ. ಅಷ್ಟರೊಳಗೆ ಟೋಯಿಕ್ ಬರೆದು, ಪಾಸ್‌ಪೋರ್ಟ್ ಸೇವಾ ಕೇಂದ್ರದಿಂದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಡೆದು ಸಿದ್ಧವಾಗಿರಿ. ಅಪ್ಪನ ಎಫ್‌ಡಿ ಸದ್ಯಕ್ಕೆ ಬ್ಯಾಂಕಿನಲ್ಲಿಯೇ ಇರಲಿ.